ಯಂತ್ರ ಒಡೆದವರು ಯಾರು?



ಇವತ್ತಿನ ಮಾತು ಇಂಗ್ಲಿಷ್ ವ್ಯಾಕರಣದ ಒಂದೇ ಒಂದು ಪಾಠದ ಬಗ್ಗೆ. ಆ್ಯಕ್ಟಿವ್ ವಾಯ್ಸ್, ಪ್ಯಾಸಿವ್ ವಾಯ್ಸ್. ನಮ್ಮ ವ್ಯಾಕರಣದ ಮಾತಿನಲ್ಲಿ ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ. ಹೆಸರು ಕೇಳಿದ ಕೂಡಲೇ ಕೆಲವರು ರೇಡಿಯೋದ ಕಿವಿ ಹಿಂಡಲು ಕೈ ಚಾಚಿರಬಹುದು. ಸ್ವಲ್ಪ ತಾಳಿ. ಸೂತ್ರ ಬಾಯಿಪಾಠ ಮಾಡಿಸುವ ಉದ್ದೇಶ ನನಗಿಲ್ಲ. ಹದಿಮೂರು ಹದಿನಾಲ್ಕರ ಮಕ್ಕಳಿಗೆ ಈ ಪಾಠವನ್ನು ಹೇಗೆ ಹೇಳಿದರೆ ತಲೆಗೆ ಹತ್ತುತ್ತದೆ ಎಂಬುದಷ್ಟೇ ನನ್ನ ವಿಷಯ.

ನಾನಿರುವುದು ಇಂಗ್ಲೆಂಡಿನ ನಡುಭಾಗದ ಲಫ್‌ಬರೋ ಎಂಬ ಊರಿನಲ್ಲಿ. ಲೆಸ್ಟರ್ ನಗರದಿಂದ ಇಲ್ಲಿಗೆ ರೈಲಿನಲ್ಲಿ ಕಾಲು ಗಂಟೆಯ ದಾರಿ. ಆಟೋಟಕ್ಕೆ ಹೆಸರಾದ ಒಂದು ವಿಶ್ವವಿದ್ಯಾಲಯ ಇಲ್ಲಿದೆ. ಚರ್ಚಿನ ಘಂಟೆಗಳನ್ನು ಎರಕ ಹೊಯ್ಯುವ ಹಳೆಯ ಕಾರ್ಖಾನೆಯೊಂದಿದೆ. ಅಲ್ಲೊಂದು ಇಲ್ಲೊಂದು ಕನ್ನಡದ ಮನೆಗಳೂ ಇವೆ. ಆ ಮನೆಗಳ ಕೆಲವು ಮಕ್ಕಳು ನನ್ನ ಹತ್ತಿರ ಪಾಠಕ್ಕೆ ಬರುತ್ತಾರೆ. ಅವರಿಗೆ ಈ ಪಾಠ ಹೇಳುವಾಗ ಲಫ್‌ಬರೋದ ಚರಿತ್ರೆಯೇ ನನ್ನ ಕೈಹಿಡಿಯಿತು. ಅದನ್ನೇ ನಿಮ್ಮ ಮುಂದೆ ಇಡುತ್ತೇನೆ.

ಮೊದಲು ಈಗ ನಡೆಯುತ್ತಿರುವ ಪಾಠವನ್ನು ನೋಡೋಣ.

ಕರ್ನಾಟಕದ ಯಾವ ಹೈಸ್ಕೂಲಿಗೆ ಹೋದರೂ ಉದಾಹರಣೆ ಒಂದೇ. ‘ರಾಮ ಕಿಲ್ಡ್ ರಾವಣ.’ ಇದನ್ನು ಬದಲಾಯಿಸಿ. ‘ರಾವಣ ವಾಸ್ ಕಿಲ್ಡ್ ಬೈ ರಾಮ.’ ಹಿಂದಿದ್ದ ರಾವಣ ಮುಂದೆ ಬಂದ. ಮುಂದಿದ್ದ ರಾಮ ಹಿಂದೆ ಹೋದ. ನಡುವೆ ಒಂದು ‘ವಾಸ್’ ಸೇರಿತು. ಕ್ರಿಯಾಪದ ಮೂರನೆಯ ರೂಪಕ್ಕೆ ತಿರುಗಿತು. ಮೇಷ್ಟ್ರ ಭಾಷೆಯಲ್ಲಿ ವಿ-ತ್ರೀ. ಕೊನೆಗೆ ‘ಬೈ’ ಅಂಟಿತು. ಎಸ್ಸೆಸ್ಸೆಲ್ಸಿಯಲ್ಲಿ ಒಂದು ಅಂಕ ಕೈಸೇರಿತು.

ಇಂಗ್ಲೆಂಡಿನ ಮಕ್ಕಳಿಗೆ ಈ ಪಾಠ ಇನ್ನೂ ಬೇಗ ಬರುತ್ತದೆ. 2014ರಿಂದ ಜಾರಿಯಲ್ಲಿರುವ ಇಲ್ಲಿನ ಪಠ್ಯಕ್ರಮದಲ್ಲಿ ಇದು ಪ್ರಾಥಮಿಕ ಶಾಲೆಯ ಕೊನೆಯ ವರ್ಷಕ್ಕಿದೆ. ಅಂದರೆ ಹತ್ತು ಹನ್ನೊಂದರ ವಯಸ್ಸು. ಆ ವರ್ಷದ ಪರೀಕ್ಷೆಯಲ್ಲಿ ವ್ಯಾಕರಣಕ್ಕೇ ಒಂದು ಪ್ರಶ್ನೆಪತ್ರಿಕೆ. ಆ್ಯಕ್ಟಿವ್ ಯಾವುದು, ಪ್ಯಾಸಿವ್ ಯಾವುದು ಎಂದು ಗುರುತು ಹಾಕಿದರೆ ಅಂಕ. ಪಠ್ಯಕ್ರಮದಲ್ಲೇನೋ ಒಂದು ಒಳ್ಳೆಯ ಮಾತಿದೆ. ವಿಷಯವನ್ನು ಮಂಡಿಸುವ ರೀತಿ ಬದಲಾಗಲಿ ಎಂದು ಪ್ಯಾಸಿವ್ ಬಳಸುತ್ತಾರೆ ಎಂಬ ಮಾತು. ಆದರೆ ಪರೀಕ್ಷೆಯ ಗಡಿಬಿಡಿಯಲ್ಲಿ ಆ ಮಾತು ಹಿಂದೆ ಬೀಳುತ್ತದೆ. ಉಳಿಯುವುದು ಗುರುತು ಹಾಕುವ ಕೆಲಸ ಮಾತ್ರ.

ಹೀಗಾಗಿ ಮಂಡ್ಯದ ಹುಡುಗಿಗೂ ಲಫ್‌ಬರೋದ ಹುಡುಗನಿಗೂ ಕೊರತೆ ಒಂದೇ. ವಾಕ್ಯ ತಿರುಗಿಸಲು ಇಬ್ಬರಿಗೂ ಬರುತ್ತದೆ. ಯಾಕೆ ತಿರುಗಿಸಬೇಕು ಎಂದು ಕೇಳಿ ನೋಡಿ. ಇಬ್ಬರೂ ಸುಮ್ಮನಾಗುತ್ತಾರೆ. ಈ ‘ಯಾಕೆ’ಗೆ ಉತ್ತರ ಹುಡುಕುವುದೇ ಇವತ್ತಿನ ಕೆಲಸ.

ಮೊದಲನೆಯ ಉತ್ತರ ನಮ್ಮ ಕನ್ನಡದಲ್ಲೇ ಇದೆ.

‘ರಾಮ ರಾವಣನನ್ನು ಕೊಂದ’ ಅನ್ನಿ. ‘ರಾವಣನನ್ನು ರಾಮ ಕೊಂದ’ ಅನ್ನಿ. ‘ಕೊಂದ, ರಾಮ, ರಾವಣನನ್ನು’ ಎಂದು ಹರಿಕಥೆಯ ದಾಸರ ಹಾಗೆ ಹೇಳಿ. ಸತ್ತವನು ರಾವಣನೇ. ಯಾಕೆಂದರೆ ‘ಅನ್ನು’ ಎಂಬ ವಿಭಕ್ತಿ ಪ್ರತ್ಯಯ ರಾವಣನಿಗೆ ಅಂಟಿಕೊಂಡಿದೆ. ಅವನು ವಾಕ್ಯದಲ್ಲಿ ಎಲ್ಲೇ ಕೂತರೂ ಅವನ ಗತಿ ಅದೇ. ಇಂಗ್ಲಿಷಿನಲ್ಲಿ ಹಾಗಲ್ಲ. ‘ರಾಮ ಕಿಲ್ಡ್ ರಾವಣ’ ಸರಿ. ಜಾಗ ಬದಲಿಸಿ ‘ರಾವಣ ಕಿಲ್ಡ್ ರಾಮ’ ಎಂದಿರೋ, ರಾಮಾಯಣವೇ ತಲೆಕೆಳಗು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿಗೂ ವಿಭಕ್ತಿಗಳಿದ್ದವು. ಬರಬರುತ್ತಾ ಅವು ಸವೆದುಹೋದವು. ‘ಹೀ’, ‘ಹಿಮ್’ ಥರದ ಕೆಲವು ಸರ್ವನಾಮಗಳಲ್ಲಿ ಮಾತ್ರ ಗುರುತು ಉಳಿದಿದೆ. ಈಗ ಅಲ್ಲಿ ಕೊಂದವನು ಯಾರು ಎಂದು ಹೇಳುವುದು ಪದ ಕೂತಿರುವ ಜಾಗ.

ಹಾಗಾದರೆ ರಾವಣನನ್ನು ಮುಂದೆ ತರಬೇಕಾದರೆ ಇಂಗ್ಲಿಷಿನವನು ಏನು ಮಾಡಬೇಕು? ಜಾಗ ಬದಲಾಯಿತು, ಎಚ್ಚರ ಎಂದು ಕ್ರಿಯಾಪದದಲ್ಲೇ ಹೇಳಬೇಕು. ಆ ಎಚ್ಚರಿಕೆಯೇ ‘ವಾಸ್ ಕಿಲ್ಡ್’. ನಾವು ನಾಮಪದದ ಬಾಲದಲ್ಲಿ ಮಾಡುವ ಕೆಲಸವನ್ನು ಅವರು ಕ್ರಿಯಾಪದದಲ್ಲಿ ಮಾಡುತ್ತಾರೆ. ಅಷ್ಟೇ. ‘ರಾವಣನು ರಾಮನಿಂದ ಕೊಲ್ಲಲ್ಪಟ್ಟನು’ ಎಂದು ನಮ್ಮ ವ್ಯಾಕರಣ ಪುಸ್ತಕಗಳು ಹೇಳುತ್ತವೆ. ಹಾಗೆ ಯಾರೂ ಮಾತಾಡುವುದಿಲ್ಲ. ‘ಅಲ್ಪಟ್ಟ’ ಕನ್ನಡದಿಂದ ಪಾಠ ಶುರು ಮಾಡಿದರೆ ಮಕ್ಕಳಿಗೆ ಪ್ಯಾಸಿವ್ ಎಂದರೆ ಪರೀಕ್ಷೆಗಷ್ಟೇ ಇರುವ ಪದಾರ್ಥ ಅನ್ನಿಸುತ್ತದೆ. ‘ರಾವಣನನ್ನು ರಾಮ ಕೊಂದ’ ಎಂಬಲ್ಲಿಂದ ಶುರು ಮಾಡಿ. ಕನ್ನಡ ಬಲ್ಲ ಮಗುವಿಗೆ ಅದು ತಟ್ಟನೆ ಹೊಳೆಯುತ್ತದೆ.

ಇಷ್ಟು ಹೇಳಿದ್ದಾಯಿತು. ಇಂಗ್ಲಿಷಿನಲ್ಲಿ ಪದದ ಜಾಗ ಗಟ್ಟಿ. ಕರ್ಮವನ್ನು ಮುಂದೆ ತರಲು ಪ್ಯಾಸಿವ್ ಬೇಕು. ಈಗ ಮುಂದಿನ ಪ್ರಶ್ನೆ. ಕರ್ಮವನ್ನು ಮುಂದೆ ತರುವುದಾದರೂ ಯಾಕೆ?

ಇಲ್ಲಿ ಲಫ್‌ಬರೋದ ಮೊದಲನೆಯ ಕಥೆ. 1841ರ ಜುಲೈ 5. ಥಾಮಸ್ ಕುಕ್ ಎಂಬಾತ ಮದ್ಯಪಾನದ ವಿರುದ್ಧ ಪ್ರಚಾರ ಮಾಡುತ್ತಿದ್ದ. ಲಫ್‌ಬರೋದಲ್ಲಿ ಅಂಥದ್ದೇ ಒಂದು ಸಭೆ ಇತ್ತು. ಆತ ವಿಶೇಷ ರೈಲು ಗೊತ್ತುಮಾಡಿ ಸುಮಾರು 500 ಜನರನ್ನು ಲೆಸ್ಟರ್‌ನಿಂದ ಇಲ್ಲಿಗೆ ಕರೆತಂದ. ತಲೆಗೆ ಒಂದು ಶಿಲ್ಲಿಂಗ್. ದಾರಿ ಹದಿನೆಂಟು ಕಿಲೋಮೀಟರ್ ಇರಬಹುದು. ಮುಂದೆ ಜಗತ್ತಿಗೆಲ್ಲ ಹೆಸರಾದ ಥಾಮಸ್ ಕುಕ್ ಪ್ರವಾಸ ಕಂಪನಿಯ ಬೇರು ಈ ಪುಟ್ಟ ಪ್ರಯಾಣದಲ್ಲಿದೆ.

ಈ ಸಂಗತಿಯನ್ನು ಮಕ್ಕಳಿಗೆ ಹೇಳಿ ಎರಡು ಪ್ಯಾರಾ ಬರೆಸುತ್ತೇನೆ. ಒಂದು, ಕುಕ್‌ನ ಜೀವನ ಚರಿತ್ರೆಗೆ. ಇನ್ನೊಂದು, ಆ 500 ಜನರ ದಿನಚರಿಗೆ. ಮೊದಲನೆಯದರಲ್ಲಿ ಅವನು ರೈಲು ಗೊತ್ತುಮಾಡಿದ, ಅವನು ಹಣ ತೆಗೆದುಕೊಂಡ, ಅವನು ಜನರನ್ನು ಕರೆತಂದ ಎಂದು ಎಲ್ಲವೂ ಆ್ಯಕ್ಟಿವ್ ಆಗುತ್ತದೆ. ಎರಡನೆಯದರಲ್ಲಿ ಮಕ್ಕಳ ಪೆನ್ನು ತಾನಾಗಿಯೇ ತಿರುಗುತ್ತದೆ. ‘ದೇ ವರ್ ಚಾರ್ಜ್ಡ್ ಎ ಶಿಲ್ಲಿಂಗ್.’ ‘ದೇ ವರ್ ಟೇಕನ್ ಟು ಲಫ್‌ಬರೋ.’ ಇಲ್ಲಿ ಕುಕ್ ಮುಖ್ಯನಲ್ಲ, ಪ್ರಯಾಣಿಕರು ಮುಖ್ಯರು. ಪ್ರತಿ ವಾಕ್ಯವೂ ಅವರಿಂದಲೇ ಶುರುವಾದರೆ ಪ್ಯಾರಾ ಕಡಿಯದೆ ಸಾಗುತ್ತದೆ.

ಮದುವೆ ಮನೆಯ ಗ್ರೂಪ್ ಫೋಟೋ ನೆನಪಿಸಿಕೊಳ್ಳಿ. ಯಾರನ್ನು ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತೀರಿ, ಯಾರು ಚೌಕಟ್ಟಿನಿಂದ ಹೊರಗೆ ಉಳಿಯುತ್ತಾರೆ? ಫೋಟೋ ಯಾರ ಕಡೆಯವರ ಆಲ್ಬಮ್ಮಿಗೆ ಎಂಬುದರ ಮೇಲೆ ಅದು ನಿಂತಿದೆ. ವಾಕ್ಯದಲ್ಲೂ ಹಾಗೆಯೇ. ಮುಂದೆ ನಿಲ್ಲುವವರ ಮಾತಾಯಿತು. ಹೊರಗೆ ಉಳಿಯುವವರ ಮಾತು ಈಗ.

ಮೇಷ್ಟ್ರುಗಳು ಕಲಿಸುವ ಪ್ಯಾಸಿವ್‌ನಲ್ಲಿ ‘ಬೈ ರಾಮ’ ತಪ್ಪದೆ ಇರುತ್ತದೆ. ಆದರೆ ಇಂಗ್ಲಿಷ್ ಪುಸ್ತಕ, ಪತ್ರಿಕೆಗಳನ್ನು ತೆಗೆದು ನೋಡಿ. ಬಹುಪಾಲು ಪ್ಯಾಸಿವ್ ವಾಕ್ಯಗಳಲ್ಲಿ ‘ಬೈ’ ಇರುವುದೇ ಇಲ್ಲ. ಇದಕ್ಕೂ ನಮ್ಮೂರಲ್ಲೇ ಒಂದು ಸಾಕ್ಷಿ ಇದೆ. ನಿಮ್ಮಲ್ಲಿ ಕೆಲವರು ಚಿಕ್ಕಂದಿನಲ್ಲಿ ಲೇಡಿಬರ್ಡ್ ಪುಸ್ತಕ ಓದಿರುತ್ತೀರಿ. ಅಂಗೈಗಿಂತ ಸ್ವಲ್ಪ ದೊಡ್ಡದು, ರಟ್ಟಿನ ಹೊದಿಕೆ. ಪ್ರತಿ ಪುಟದ ಎದುರು ಒಂದು ಬಣ್ಣದ ಚಿತ್ರ. ಆ ಪುಸ್ತಕಗಳ ತವರು ಲಫ್‌ಬರೋ. ವಿಲ್ಸ್ ಅಂಡ್ ಹೆಪ್‌ವರ್ತ್ ಎಂಬ ಇಲ್ಲಿನ ಮುದ್ರಣಾಲಯ ಅವನ್ನು ಶುರು ಮಾಡಿತು. 1990ರ ದಶಕದ ಕೊನೆಯವರೆಗೂ ಅವು ಇಲ್ಲೇ ಅಚ್ಚಾಗುತ್ತಿದ್ದವು.

1964ರಲ್ಲಿ ಆ ಮಾಲೆಯಲ್ಲಿ ಪೀಟರ್, ಜೇನ್ ಎಂಬ ಮಕ್ಕಳ ಪುಸ್ತಕಗಳು ಬಂದವು. ಅವನ್ನು ಬರೆದ ವಿಲಿಯಂ ಮರ್ರೆ ಶಾಲಾ ಮುಖ್ಯೋಪಾಧ್ಯಾಯರು. ನಾವು ಓದುವ ಇಂಗ್ಲಿಷಿನಲ್ಲಿ ಕಾಲು ಭಾಗ ಬರೀ 12 ಪದಗಳಿಂದ ತುಂಬಿರುತ್ತದೆ ಎಂಬುದು ಅವರ ಲೆಕ್ಕ. ಅವೇ ಪದಗಳನ್ನು ಮತ್ತೆ ಮತ್ತೆ ಬಳಸಿ ಪುಟ್ಟ ಪುಟ್ಟ ವಾಕ್ಯ ಕಟ್ಟಿದರು. ಹುಡುಗ ಚೆಂಡು ಎಸೆಯುತ್ತಾನೆ, ಹುಡುಗಿ ಹಿಡಿಯುತ್ತಾಳೆ. ಕಥೆಯೆಲ್ಲ ಆ್ಯಕ್ಟಿವ್. ಆದರೆ ಅದೇ ಪುಸ್ತಕದಲ್ಲಿ ಪ್ರಕಾಶಕರ ವಿವರ ಇರುವ ಕಡೆ ಸಣ್ಣಕ್ಷರದಲ್ಲಿ ಏನಿದೆ? ‘ಪ್ರಿಂಟೆಡ್ ಇನ್ ಇಂಗ್ಲೆಂಡ್.’ ಅದು ಪ್ಯಾಸಿವ್. ‘ವಾಸ್’ ಕೂಡ ಬಿದ್ದುಹೋಗಿರುವ ಪ್ಯಾಸಿವ್. ಅಚ್ಚಿನ ಮನೆಯಲ್ಲಿ ಆ ಹಾಳೆಯನ್ನು ಯಂತ್ರಕ್ಕೆ ಕೊಟ್ಟವರು ಯಾರು ಎಂದು ಓದುವವರಿಗೆ ಬೇಕಿಲ್ಲ. ಎಲ್ಲಿ ಎಂಬುದಷ್ಟೇ ಸಾಕು.

ಹಾಗಾದರೆ ‘ಬೈ’ ಯಾವಾಗ ಬೇಕು? ಮಾಡಿದವರ ಹೆಸರೇ ಸುದ್ದಿಯಾದಾಗ ಬೇಕು. ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್‌ನಲ್ಲಿ ಗ್ರೇಟ್ ಪಾಲ್ ಎಂಬ ದೊಡ್ಡ ಘಂಟೆ ಇದೆ. ತೂಕ ಹದಿನೇಳು ಟನ್ನಿನ ಆಸುಪಾಸು. 1881ರಲ್ಲಿ ಅದನ್ನು ಎರಕ ಹೊಯ್ದದ್ದು ಲಫ್‌ಬರೋದ ಟೇಲರ್ ಕಾರ್ಖಾನೆ. ‘ಗ್ರೇಟ್ ಪಾಲ್ ವಾಸ್ ಕಾಸ್ಟ್ ಬೈ ಟೇಲರ್ಸ್.’ ಇಂಗ್ಲಿಷ್ ವಾಕ್ಯದ ಕೊನೆಯಲ್ಲಿ ಬಂದ ಮಾತಿಗೆ ತೂಕ ಹೆಚ್ಚು. ಲಫ್‌ಬರೋದವರು ಈ ವಾಕ್ಯ ಹೇಳುವಾಗ ಕೊನೆಯ ಹೆಸರಿನ ಮೇಲೆ ಎಷ್ಟು ಒತ್ತು ಹಾಕುತ್ತಾರೆ ಎಂಬುದನ್ನು ಕೇಳಬೇಕು.

ಇಲ್ಲಿಯವರೆಗೆ ಬಂದದ್ದನ್ನು ಒಟ್ಟು ಮಾಡೋಣ. ಒಂದು, ಯಾರ ಬಗ್ಗೆ ಮಾತು ನಡೆದಿದೆಯೋ ಅವರನ್ನು ಮುಂದಿಡಲು ಪ್ಯಾಸಿವ್. ಎರಡು, ಮಾಡಿದವರ ಹೆಸರು ಬೇಡವಾದರೆ ಬಿಡಬಹುದು, ಬೇಕಾದರೆ ‘ಬೈ’ ಹಾಕಿ ಕೊನೆಯಲ್ಲಿ ಇಡಬಹುದು. ಇನ್ನು ಮೂರನೆಯದು. ಹೆಸರು ಬಿಡುವುದು ಯಾವಾಗ ನ್ಯಾಯ, ಯಾವಾಗ ಕಳ್ಳಾಟ? ಹದಿಹರೆಯದವರಿಗೆ ಕಲಿಸಲೇಬೇಕಾದದ್ದು ಇದು. ಅವರ ವಯಸ್ಸೇ ನ್ಯಾಯ ಅನ್ಯಾಯ ಕೇಳುವ ವಯಸ್ಸು.

ಲಫ್‌ಬರೋದ ಎರಡನೆಯ ಕಥೆ 1816ರದ್ದು. ಜಾನ್ ಹೀತ್‌ಕೋಟ್ ಎಂಬ ಯಜಮಾನ ಇಲ್ಲಿ ಲೇಸ್ ಹೆಣೆಯುವ ಕಾರ್ಖಾನೆ ನಡೆಸುತ್ತಿದ್ದ. ಹೆಣಿಗೆಯ ಯಂತ್ರವನ್ನು ರೂಪಿಸಿದವನೂ ಅವನೇ. ಜೂನ್ ಕೊನೆಯ ಒಂದು ರಾತ್ರಿ ಆಯುಧ ಹಿಡಿದವರ ಗುಂಪೊಂದು ಒಳಗೆ ನುಗ್ಗಿತು. ಕಾವಲುಗಾರನೊಬ್ಬನಿಗೆ ಗುಂಡೇಟು ಬಿತ್ತು. 50ಕ್ಕೂ ಹೆಚ್ಚು ಯಂತ್ರಗಳು ಪುಡಿಯಾದವು. ಕೂಲಿ ಕುಸಿದು, ಕೆಲಸ ಹೋಗುವ ಭಯದಲ್ಲಿದ್ದ ಆ ಕಾಲದ ಕೆಲಸಗಾರರ ದಂಗೆಯ ಭಾಗ ಇದು. ಚರಿತ್ರೆ ಅವರನ್ನು ಲಡೈಟರು ಎನ್ನುತ್ತದೆ. ಹಲವರಿಗೆ ಗಲ್ಲಾಯಿತು. ಹೀತ್‌ಕೋಟ್ ಊರನ್ನೇ ಬಿಟ್ಟು ದೂರದ ಡೆವನ್ ಸೀಮೆಯ ಟಿವರ್ಟನ್‌ಗೆ ಹೋಗಿ ಹೊಸದಾಗಿ ಕಾರ್ಖಾನೆ ಹೂಡಿದ.

ಇದನ್ನು ಹೇಳಿ ಮಕ್ಕಳನ್ನು ಮೂರು ಗುಂಪು ಮಾಡುತ್ತೇನೆ. ಒಂದು ಗುಂಪು ಮಾರನೆಯ ದಿನದ ವರದಿ ಬರೆಯಬೇಕು. ಇನ್ನೊಂದು ಯಜಮಾನನ ಅರ್ಜಿ. ಮತ್ತೊಂದು ನ್ಯಾಯಾಲಯದ ಆರೋಪಪಟ್ಟಿ. ವರದಿಗಾರರಿಗೆ ಒಡೆದವರ ಹೆಸರು ಗೊತ್ತಿಲ್ಲ. ‘ದಿ ಮೆಷೀನ್ಸ್ ವರ್ ಬ್ರೋಕನ್’ ಎಂದು ಬರೆಯುತ್ತಾರೆ. ಅದು ಪ್ರಾಮಾಣಿಕ ಪ್ಯಾಸಿವ್. ಯಜಮಾನನಿಗೆ ತನ್ನ ನಷ್ಟವೇ ಮುಖ್ಯ. ‘ಮೈ ಫ್ಯಾಕ್ಟರಿ ವಾಸ್ ಅಟ್ಯಾಕ್ಡ್’ ಎಂದು ಬರೆಯುತ್ತಾನೆ. ನ್ಯಾಯಾಲಯದಲ್ಲಿ ಮಾತ್ರ ಇದು ನಡೆಯುವುದಿಲ್ಲ. ಅಲ್ಲಿ ಇಂಥವನು ಇಂಥದ್ದನ್ನು ಮಾಡಿದ ಎಂದು ಹೆಸರಿಟ್ಟು ಹೇಳಬೇಕು. ಆ್ಯಕ್ಟಿವ್ ಬೇಕೇ ಬೇಕು. ಯಾಕೆಂದರೆ ಕೊನೆಯಲ್ಲಿ ಒಬ್ಬ ಮನುಷ್ಯನ ಕುತ್ತಿಗೆಗೆ ಹಗ್ಗ ಬೀಳುತ್ತದೆ.

ಇನ್ನೊಂದು ಸ್ವಾರಸ್ಯ ಕೇಳಿ. ಯಂತ್ರ ಒಡೆಯುವವರು ಆಗಾಗ ಬೆದರಿಕೆ ಪತ್ರ ಬರೆಯುತ್ತಿದ್ದರು. ಕೆಳಗೆ ರುಜು ಜನರಲ್ ಲಡ್ ಅಥವಾ ನೆಡ್ ಲಡ್. ಅಂಥ ನಾಯಕನೇ ಇರಲಿಲ್ಲ. ‘ಬೈ’ ಎಂಬ ಪದದ ಮುಂದಿನ ಖಾಲಿ ಜಾಗಕ್ಕೆ ಅವರು ಒಂದು ಕಲ್ಪನೆಯ ಹೆಸರು ತುಂಬಿದ್ದರು. ಇದನ್ನು ಹೇಳಿದಾಗ ಮಕ್ಕಳ ಕಣ್ಣರಳುತ್ತದೆ. ವ್ಯಾಕರಣದ ಆ ಖಾಲಿ ಜಾಗದಲ್ಲಿ ಒಬ್ಬ ಮನುಷ್ಯ ಬಚ್ಚಿಟ್ಟುಕೊಳ್ಳಬಹುದು ಎಂದು ಅವರಿಗೆ ಗೊತ್ತಾಗುತ್ತದೆ.

ಬಚ್ಚಿಟ್ಟುಕೊಳ್ಳುವವರು ದಂಗೆಕೋರರು ಮಾತ್ರವಲ್ಲ. 1987ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಇರಾನಿಗೆ ಶಸ್ತ್ರ ಮಾರಿದ ಹಗರಣದ ಬಗ್ಗೆ ಮಾತಾಡುತ್ತಾ ‘ಮಿಸ್ಟೇಕ್ಸ್ ವರ್ ಮೇಡ್’ ಎಂದರು. ತಪ್ಪುಗಳಾಗಿವೆ. ಯಾರಿಂದ? ಅದು ಆ ವಾಕ್ಯದಲ್ಲಿಲ್ಲ. ನಮ್ಮಲ್ಲೂ ಇದಕ್ಕೇನು ಬರವೇ? ಕಚೇರಿಗೆ ಅರ್ಜಿ ಕೊಟ್ಟು ಬನ್ನಿ. ‘ಪರಿಶೀಲಿಸಲಾಗುವುದು.’ ಮತ್ತೆ ಹೋಗಿ. ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು.’ ಪರಿಶೀಲಿಸುವವರು ಯಾರು, ಕ್ರಮ ಕೈಗೊಳ್ಳುವವರು ಯಾರು, ಎಂದು? ವಾಕ್ಯ ಬಾಯಿಬಿಡುವುದಿಲ್ಲ. ಯಾವ ಟೇಬಲ್ಲಿಗೆ ಹೋಗಿ ಕೇಳಬೇಕೆಂದು ತಿಳಿಯದೆ ಅರ್ಜಿದಾರ ಮೆಟ್ಟಿಲು ಇಳಿಯುತ್ತಾನೆ.

ಇಂಥ ಮರೆಮಾಚುವ ಬರವಣಿಗೆಯನ್ನು ಕಂಡೇ 1946ರಲ್ಲಿ ಇಂಗ್ಲಿಷ್ ಲೇಖಕ ಜಾರ್ಜ್ ಆರ್ವೆಲ್, ಆ್ಯಕ್ಟಿವ್ ಸಾಧ್ಯವಿರುವ ಕಡೆ ಪ್ಯಾಸಿವ್ ಬಳಸಬೇಡಿ ಎಂದು ಒಂದು ಪ್ರಬಂಧದಲ್ಲಿ ಬರೆದರು. ಅನೇಕ ಶಿಕ್ಷಕರು ಅದನ್ನು ವೇದವಾಕ್ಯ ಮಾಡಿಕೊಂಡಿದ್ದಾರೆ. ನಾನು ಒಪ್ಪುವುದಿಲ್ಲ. ಆರ್ವೆಲ್ ಅದೇ ಪ್ರಬಂಧದಲ್ಲಿ ಪ್ಯಾಸಿವ್ ಅನ್ನು ಧಾರಾಳವಾಗಿ ಬಳಸಿದ್ದಾರೆ. ಅಲ್ಲದೆ, ಬಚ್ಚಿಡಲು ಪ್ಯಾಸಿವೇ ಬೇಕೆಂದೇನಿಲ್ಲ. ಅಡುಗೆಮನೆಯಲ್ಲಿ ಗಾಜಿನ ಲೋಟ ಒಡೆದ ಸದ್ದಾಗುತ್ತದೆ. ಮಗ ಏನನ್ನುತ್ತಾನೆ? ‘ಅಮ್ಮಾ, ಲೋಟ ಒಡೀತು!’ ವ್ಯಾಕರಣದಲ್ಲಿ ಅದು ಕರ್ತರಿ. ಇಂಗ್ಲಿಷಿನ ‘ದಿ ಗ್ಲಾಸ್ ಬ್ರೋಕ್’ ಕೂಡ ಆ್ಯಕ್ಟಿವ್. ಆದರೆ ಒಡೆದವನು ಎಲ್ಲಿ? ಲೋಟ ತನ್ನಷ್ಟಕ್ಕೆ ತಾನೇ ಒಡೆದುಕೊಂಡಿತು! ಆದ್ದರಿಂದ ಪ್ಯಾಸಿವ್ ಅನ್ನು ಬೈದು ಫಲವಿಲ್ಲ. ‘ಯಾರು?’ ಎಂದು ಕೇಳುವುದನ್ನು ಕಲಿಸಬೇಕು.

ಕೇಳುವುದು ಎಲ್ಲೆಲ್ಲಿ ಬೇಕಿಲ್ಲ ಎಂಬುದನ್ನೂ ಕಲಿಸಬೇಕು. ಹದಿನಾಲ್ಕರ ಒಬ್ಬ ಹುಡುಗ ವಿಜ್ಞಾನದ ಪ್ರಯೋಗ ಬರೆದುಕೊಂಡು ಬಂದಿದ್ದ. ‘ಐ ಹೀಟೆಡ್ ದಿ ವಾಟರ್’ ಎಂದಿದ್ದನ್ನು ಶಾಲೆಯಲ್ಲಿ ‘ದಿ ವಾಟರ್ ವಾಸ್ ಹೀಟೆಡ್’ ಎಂದು ತಿದ್ದಿದ್ದರು. ಅವನಿಗೆ ಸಿಟ್ಟು.

‘ಆಂಟಿ, ನೀರು ಕಾಯಿಸಿದ್ದು ನಾನು. ನನ್ನ ಹೆಸರು ಯಾಕೆ ತೆಗೆದ್ರು?’

‘ನಿನ್ನ ಬದಲು ನಿನ್ನ ಪಕ್ಕದ ಹುಡುಗಿ ಕಾಯಿಸಿದ್ರೆ ನೀರು ಬೇರೆ ಥರ ಕುದೀತಿತ್ತೇನಪ್ಪಾ?’

‘ಇಲ್ಲ.’

‘ಅದಕ್ಕೇ. ಯಾರು ಮಾಡಿದ್ರೂ ಅದೇ ಫಲ ಬರಬೇಕು. ವಿಜ್ಞಾನಕ್ಕೆ ನೀನು ಬೇಡ, ನೀರು ಬೇಕು.’

ಅವನು ಒಂದು ಗಳಿಗೆ ಯೋಚಿಸಿ ಕೇಳಿದ: ‘ಬೀಕರ್ ಒಡೆದು ಹೋಗಿದ್ರೆ?’

‘ಆಗ ನಿನ್ನ ಹೆಸರು ಬೇಕು’ ಎಂದೆ.

ಅವನಿಗೆ ಪಾಠ ಮುಗಿಯಿತು. ಪ್ಯಾಸಿವ್ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದನ್ನು ಅವನೇ ಕಂಡುಕೊಂಡಿದ್ದ.

ಇನ್ನು ಉಳಿದದ್ದು ಕಲಿಸುವ ಕ್ರಮ. ಇಂಗ್ಲಿಷ್ ಹೇಳಿಕೊಡುವ ಶಿಕ್ಷಕರು, ಮನೆಯಲ್ಲಿ ಮಕ್ಕಳ ಪಕ್ಕ ಕೂರುವ ತಂದೆತಾಯಿಗಳು ದಯವಿಟ್ಟು ಗಮನಿಸಿ. ನಾಲ್ಕು ಹೆಜ್ಜೆ ಸಾಕು.

ಮೊದಲ ಹೆಜ್ಜೆ. ಮಗುವಿಗೆ ಆಗಲೇ ಬರುವ ಪ್ಯಾಸಿವ್‌ನಿಂದ ಶುರು ಮಾಡಿ. ‘ಐ ವಾಸ್ ಬಾರ್ನ್ ಇನ್ ಮೈಸೂರು.’ ಎರಡನೆಯ ಕ್ಲಾಸಿನ ಮಗುವೂ ಇದನ್ನು ಹೇಳುತ್ತದೆ. ಇದು ಅಪ್ಪಟ ಪ್ಯಾಸಿವ್. ಇಲ್ಲಿ ‘ಬೈ’ ಯಾಕಿಲ್ಲ ಎಂದು ಕೇಳಿ. ನಗುತ್ತಾ ಉತ್ತರ ಕೊಡುತ್ತಾರೆ. ಹೆತ್ತವಳು ಯಾರು ಎಂದು ಬೇರೆ ಹೇಳಬೇಕೆ? ಹೇಳದೆಯೇ ಗೊತ್ತಿರುವಾಗ ಹೆಸರು ಬೇಡ. ‘ಎ ಮ್ಯಾನ್ ಹ್ಯಾಸ್ ಬೀನ್ ಅರೆಸ್ಟೆಡ್’ ಎಂಬ ಸುದ್ದಿಯಲ್ಲಿ ಪೊಲೀಸರ ಹೆಸರಿಲ್ಲದಿರುವುದೂ ಇದಕ್ಕೇ.

ಎರಡನೆಯ ಹೆಜ್ಜೆ, ಗುರುತಿಸುವುದು. ಇಂಗ್ಲಿಷ್ ತರಗತಿಗಳಲ್ಲಿ ಒಂದು ತಮಾಷೆಯ ಉಪಾಯ ಚಾಲ್ತಿಯಲ್ಲಿದೆ. ಕ್ರಿಯಾಪದದ ಆಚೆಗೆ ‘ಬೈ ಜಾಂಬೀಸ್’ ಎಂದು ಸೇರಿಸಿ. ಜಾಂಬಿ ಎಂದರೆ ಎದ್ದು ಓಡಾಡುವ ಹೆಣ. ‘ದಿ ಮೆಷೀನ್ಸ್ ವರ್ ಬ್ರೋಕನ್ ಬೈ ಜಾಂಬೀಸ್.’ ಹೊಂದಿತು, ಹಾಗಾದರೆ ಪ್ಯಾಸಿವ್. ‘ದಿ ಬಸ್ ಅರೈವ್ಡ್ ಬೈ ಜಾಂಬೀಸ್.’ ಹೊಂದಲಿಲ್ಲ, ಹಾಗಾದರೆ ಅಲ್ಲ. ಬರುವುದು, ಹೋಗುವುದು, ಬೀಳುವುದು ಇವಕ್ಕೆ ಕರ್ಮವಿಲ್ಲ, ಆದ್ದರಿಂದ ಪ್ಯಾಸಿವೂ ಇಲ್ಲ ಎಂಬ ಅಕರ್ಮಕದ ಪಾಠವೂ ಇದರಲ್ಲೇ ಮುಗಿಯುತ್ತದೆ. ಕರ್ನಾಟಕದಲ್ಲಿ ಜಾಂಬಿ ಬೇಡವೆಂದರೆ ದೆವ್ವ ಸೇರಿಸಿ. ನಡೆಯುತ್ತದೆ.

ಮೂರನೆಯ ಹೆಜ್ಜೆ, ಒಂದೇ ಘಟನೆಯನ್ನು ಮೂವರ ಬಾಯಲ್ಲಿ ಬರೆಸುವುದು. ಅದಕ್ಕೆ ಲಫ್‌ಬರೋದ ಯಂತ್ರಗಳೇ ಆಗಬೇಕಿಲ್ಲ. ಊರಿನ ಕೆರೆ ಒತ್ತುವರಿ ಸಾಕು, ಶಾಲೆಯ ಕಿಟಕಿ ಸಾಕು. ಕೆರೆಯ ಕಥೆಯನ್ನು ರೈತನ ಬಾಯಲ್ಲಿ, ಕಟ್ಟಡ ಕಟ್ಟಿದವನ ಬಾಯಲ್ಲಿ, ತನಿಖೆಗೆ ಬಂದ ಅಧಿಕಾರಿಯ ಬಾಯಲ್ಲಿ ಹೇಳಿಸಿ. ಯಾರು ಯಾವ ವಾಯ್ಸ್ ಹಿಡಿಯುತ್ತಾರೆ ನೋಡಿ.

ನಾಲ್ಕನೆಯ ಹೆಜ್ಜೆಗೆ ಮಾತ್ರ ಸೂತ್ರ ಬರಲಿ. ‘ಬಿ’ ಕ್ರಿಯಾಪದ, ಅದರ ಮುಂದೆ ವಿ-ತ್ರೀ. ಈಸ್, ವಾಸ್, ಹ್ಯಾಸ್ ಬೀನ್, ವಿಲ್ ಬಿ. ನಮ್ಮ ಮಕ್ಕಳು ಎಡವುವುದು ‘ವಾಸ್’ ಮರೆಯುವಲ್ಲಿ. ‘ದಿ ಹೌಸ್ ಬಿಲ್ಟ್ ಇನ್ 1990’ ಎಂದು ಬರೆದು ಮುಂದೆ ಹೋಗುತ್ತಾರೆ. ಇದಕ್ಕೆ ಅಭ್ಯಾಸ ಬೇಕು, ನಿಜ. ಪರೀಕ್ಷೆಯೂ ಇದೆ, ಅಂಕವೂ ಬೇಕು. ಆದರೆ ‘ಯಾಕೆ’ ತಿಳಿದ ಮೇಲೆ ಬರುವ ಸೂತ್ರವನ್ನು ಮಗು ಬೇಗ ಮರೆಯುವುದಿಲ್ಲ.

ಕೇಳುಗರೇ, ಹೇಳಿದ್ದರ ಸಾರ ಇಷ್ಟು. ಪ್ಯಾಸಿವ್ ಎಂದರೆ ವಾಕ್ಯ ತಿರುಗಿಸುವ ಕಸರತ್ತಲ್ಲ. ಯಾರನ್ನು ಮುಂದಿಡಬೇಕು, ಯಾರ ಹೆಸರು ಬಿಡಬೇಕು ಎಂಬ ಆಯ್ಕೆ ಅದು. ಆ ಆಯ್ಕೆಗೆ ಬರೆಯುವವನು ಹೊಣೆ.

ನಾಳೆ ಬೆಳಿಗ್ಗೆ ಮಗುವಿನ ಜೊತೆ ಒಂದು ಕೆಲಸ ಮಾಡಿ. ಮನೆಗೆ ಬರುವ ಕನ್ನಡ ಪತ್ರಿಕೆಯ ಮುಖಪುಟ ಹರಡಿಕೊಳ್ಳಿ. ‘ಲಾಗಿದೆ’, ‘ಲಾಗುವುದು’ ಎಂದು ಮುಗಿಯುವ ವಾಕ್ಯಗಳ ಕೆಳಗೆ ಗೆರೆ ಎಳೆಯಲು ಹೇಳಿ. ಒಂದೊಂದಕ್ಕೂ ‘ಯಾರು?’ ಎಂದು ಕೇಳಿಸಿ. ಉತ್ತರ ಸುದ್ದಿಯಲ್ಲೇ ಸಿಕ್ಕರೆ ಸರಿ. ಹೇಳದೆಯೂ ಗೊತ್ತಾಗುವಂತಿದ್ದರೆ ಸರಿ. ಎರಡೂ ಅಲ್ಲದಿದ್ದರೆ ಆ ವಾಕ್ಯದ ಪಕ್ಕ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿಸಿ. ಆಮೇಲೆ ಇಂಗ್ಲಿಷ್ ಪತ್ರಿಕೆ ತೆಗೆಯಿರಿ. ಕನ್ನಡದಲ್ಲಿ ಆ ಚಿಹ್ನೆ ಹಾಕಲು ಕಲಿತ ಮಗುವಿಗೆ ಇಂಗ್ಲಿಷಿನ ಪ್ಯಾಸಿವ್ ಹಿಡಿಯಲು ಮತ್ತೊಂದು ಪಾಠ ಬೇಕಾಗುವುದಿಲ್ಲ.